ಇಳಿಸು, ಇಳಿಸು

ನನ್ನ ಅತ್ತಿಗೆಗೆ ಮೂಗಿನ ತುದಿಯಲ್ಲೇ ಕೋಪ. ಮದುವೆಯಾಗಿ ಬಂದ ವಾರದಲ್ಲೇ, ತಪ್ಪು ಹೊತ್ತು ತೋರಿಸುತ್ತಿದ್ದ ನಮ್ಮ ಗೋಡೆಗಡಿಯಾರಕ್ಕೆ, "ಸುಳ್ಳು ಹೇಳೋದಕ್ಕಿಂತ ನಿಂತುಹೋಗೋದೇ ಮೇಲು," ಎಂದು ಬೈದು ಬ್ಯಾಟರಿ ಕಿತ್ತವಳು.

ವೈರ್‌ಲೆಸ್ ಸೆಟ್ ತಯಾರಿಸುವ ಕಂಪನಿಯಲ್ಲಿ ಅವಳ ಕೆಲಸ. ಪ್ರತಿ ಸೆಟ್ಟಿನೊಳಗೂ ಒಂದು ಹರಳಿನ ಚೂರಿರುತ್ತದೆ; ಅದರ ಫ್ರೀಕ್ವೆನ್ಸಿ ನಿಂತಿರುವುದೇ ಆ ಹರಳಿನ ಮೇಲೆ. ಚಳಿಗೆ ಅದು ಕೊಂಚ ಜಾರುತ್ತದೆ. ಆಗ ಎದುರಿನ ಸೆಟ್ಟಿನಿಂದ ಬರುವ ಅಲೆಯನ್ನು ಹುಡುಕಿ ತನ್ನನ್ನು ಅದಕ್ಕೆ ಹೊಂದಿಸಿಕೊಳ್ಳಲು ಸೆಟ್ಟಿಗೆ ಕಲಿಸುವವಳು ಅತ್ತಿಗೆ. ಹೊಂದದಿದ್ದರೆ ಡಿಜಿಟಲ್ ಸೆಟ್ಟು ಹಳೆಯ ರೇಡಿಯೋದ ಹಾಗೆ ಕರಕರ ಎನ್ನುವುದಿಲ್ಲ, ಮೂಕಾಗಿಬಿಡುತ್ತದೆ.

ಅವಳ ಮ್ಯಾನೇಜರಿಗೆ ನಾವು ಮನೆಯಲ್ಲಿಟ್ಟ ಹೆಸರು ಬೆಣ್ಣೆ. ಅವನ ಮಾತು ಅಷ್ಟು ನಯ. ಚಳಿಯಲ್ಲಿ ಸೆಟ್ಟು ಮೂಕಾಗುತ್ತದೆಂದು ದೂರು ಬಂದಾಗ, ಹುಡುಕಾಟದ ವ್ಯಾಪ್ತಿ ಹಿಗ್ಗಿಸೋಣ ಎಂದು ಅತ್ತಿಗೆ ಗೋಗರೆದಳು. ಅದಕ್ಕೆಲ್ಲ ಪುರಸೊತ್ತಿಲ್ಲ ಎಂದ ಬೆಣ್ಣೆ, ಅಲೆ ತಪ್ಪಿದಾಗ ಕೊನೆಗೆ ಕೇಳಿದ ಮಾತನ್ನೇ ಸೆಟ್ಟು ಮತ್ತೆ ಮತ್ತೆ ನುಡಿಯುವಂತೆ ಬೇರೊಬ್ಬನಿಂದ ಮಾಡಿಸಿದ.

"ಗಿರಾಕಿಗೆ ಮೌನ ಹಿಡಿಸಲ್ಲಮ್ಮ."

"ಜನರ ಕಿವಿ ಮೇಲೆ ಹೂ ಇಡ್ತೀರಾ?" ಎಂದು ಅತ್ತಿಗೆ ರೇಗಿದಳು. ಸೆಟ್ಟುಗಳು ಮಾರಾಟವಾದವು.

ನನ್ನ ಅಣ್ಣ ಕ್ರೇನ್ ಓಡಿಸುವವನು. ಅವನ ಕೈಗೂ ಬಂದದ್ದು ಅದೇ ಸೆಟ್ಟು. ಎತ್ತರದ ಕ್ಯಾಬಿನ್ನಿನಿಂದ ಭಾರ ಇಳಿಯುವ ಜಾಗ ಕಾಣುವುದಿಲ್ಲ. ಕೆಳಗೆ ನಿಂತ ಸಿಗ್ನಲ್‌ನವನು ಬಿಡದೆ "ಇಳಿಸು, ಇಳಿಸು" ಎನ್ನುತ್ತಿರಬೇಕು. ಅವನ ದನಿ ನಿಂತರೆ ಕ್ರೇನೂ ನಿಲ್ಲಬೇಕು. ಆ ಕೆಲಸದವರು ಜೀವ ಉಳಿಸಿಕೊಂಡಿರುವುದೇ ಈ ಕಟ್ಟುನಿಟ್ಟಿನಿಂದ.

ಅಂದು ಕೊರೆಯುವ ಚಳಿ. ಕೆಳಗಿನವನು "ನಿಲ್ಲಿಸು" ಎಂದು ಅರಚಿದ. ಮೇಲೆ ಅಣ್ಣನಿಗೆ ಕೇಳಿದ್ದು "ಇಳಿಸು, ಇಳಿಸು". ಕಬ್ಬಿಣದ ತೊಲೆಯಡಿ ಆ ಬಡಪಾಯಿಯ ಕಾಲು ನುಜ್ಜುಗುಜ್ಜಾಯಿತು.

ವಿಚಾರಣೆಯಲ್ಲಿ ಬೆಣ್ಣೆ ನಗುತ್ತಲೇ ಹೇಳಿದ: "ನಮ್ಮ ಸೆಟ್ಟು ಒಂದು ಕ್ಷಣಾನೂ ಸುಮ್ಮನಾಗಿಲ್ಲ. ಇವರೇ ಸರಿಯಾಗಿ ಕೇಳಿಸಿಕೊಂಡಿಲ್ಲ, ಪಾಪ."

ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ! ಎದ್ದು ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು ನನಗೆ. ಅಣ್ಣನಿಗೆ ಜೈಲು ಎದುರಿಗೇ ಇತ್ತು. ಅದಕ್ಕಿಂತ ಸಂಕಟವೆಂದರೆ, ಅವನೇ ಆ ಮಾತು ನಂಬತೊಡಗಿದ್ದ. "ನನ್ನ ಕಿವೀನೇ ಕೆಟ್ಟಿರಬೇಕು," ಎನ್ನುತ್ತಾ ಊಟ ಬಿಟ್ಟು ಕೂತಿದ್ದ.

ಮುಂದಿನ ವಿಚಾರಣೆಗೆ ಅತ್ತಿಗೆ ಮಂಜುಗಡ್ಡೆ ತುಂಬಿದ ಡಬ್ಬವೊಂದನ್ನು ತಂದು ಎಲ್ಲರೆದುರು ಮೇಜಿನ ಮೇಲೆ ಕುಕ್ಕಿದಳು. ಚಾಲೂ ಮಾಡಿದ ಸೆಟ್ಟೊಂದನ್ನು ಅದರಲ್ಲಿ ಹೂತು, ಇನ್ನೊಂದನ್ನು ಬಾಯಿಗೆ ಹಿಡಿದು "ಇಳಿಸು, ಇಳಿಸು" ಎನ್ನುತ್ತಲೇ ಹೋದಳು. ಹರಳು ತಣ್ಣಗಾಗುವಷ್ಟು ಹೊತ್ತು ಬಿಟ್ಟು, "ನಿಲ್ಲಿಸು!" ಎಂದಳು.

"ಇಳಿಸು, ಇಳಿಸು," ಎಂದಿತು ಡಬ್ಬ.

"ನಿಲ್ಲಿಸು! ನಿಲ್ಲಿಸೋ!" ಗಂಟಲು ಹರಿಯುವಂತೆ ಕಿರುಚಿದಳು. ಡಬ್ಬದೊಳಗಿಂದ ಅವಳದೇ ದನಿ, "ಇಳಿಸು, ಇಳಿಸು."

"ಸಾಕು, ಆಫ್ ಮಾಡಿ ಅದನ್ನ," ಎಂದ ಬೆಣ್ಣೆ. ಮುಖದಲ್ಲಿ ನಗುವಿರಲಿಲ್ಲ.

ಅತ್ತಿಗೆ ತನ್ನ ಕೈಲಿದ್ದ ಸೆಟ್ಟನ್ನು ಅವನ ಮೂಗಿಗೆ ಹಿಡಿದಳು. "ನೀವೇ ಹೇಳಿ ನೋಡಿ. ನಿಮ್ಮ ಮಾತಾದ್ರೂ ಕೇಳುತ್ತಾ?"

ಮೂಲೆಯಲ್ಲಿ ಅಣ್ಣ ಎರಡೂ ಕಿವಿ ಮುಚ್ಚಿಕೊಂಡು ಅಳುತ್ತಿದ್ದ. "ಇದೇ ಕಣೇ," ಎಂದ, "ನಾನು ಕೇಳಿದ್ದು ಇದೇ."