ಕೋರ್ಟಿನ ಎದುರು ಕಥೆಗಾರರ ಬೆಂಚು

ಬೆಳಗಿನ ಆರು ಗಂಟೆ. ಹುನಗುಂದದ ಕೋರ್ಟಿನ ಎದುರು ಇನ್ನೂ ಒಂದು ಕರಿ ಕೋಟೂ ಕಾಣುವುದಿಲ್ಲ. ಹೊಳಬಸಪ್ಪನವರ ಟೈಪಿಂಗ್ ಅಂಗಡಿಯ ಬಾಗಿಲು ಮಾತ್ರ ಆಗಲೇ ತೆರೆದಿದೆ. ಎರಡು ಬೆಂಚು, ಒಂದು ಕಂಪ್ಯೂಟರ್, ಒಂದು ಪ್ರಿಂಟರ್. ಇವತ್ತು ಅವರ ಬೆರಳು ಓಡುತ್ತಿಲ್ಲ, ಕಣ್ಣು ಪದೇಪದೇ ಮೊಬೈಲಿನ ಕಡೆ ಹೋಗುತ್ತದೆ. ನಿನ್ನೆ ಸಂಜೆ ಬಾಗಲಕೋಟೆಯಲ್ಲಿ ಲೇಖಕರ ಸಂಘದ ಸಭೆ ಸೇರಿತ್ತು. ಬೆಂಚಿನ ಮೇಲೆ ಕುಳಿತ ಜುಲೇಖಾಳಿಗೆ ಸದಸ್ಯತ್ವ ಸಿಕ್ಕಿತೋ ಇಲ್ಲವೋ, ಸಂಘದ ಸದಸ್ಯೆ ಬಾದಾಮಿಯ ಜಯಶ್ರೀ ಟೀಚರು ಶಾಲೆಗೆ ಹೋಗುವ ಮುಂಚೆ ಫೋನ್ ಮಾಡಿ ತಿಳಿಸಬೇಕು.

ಹತ್ತು ಗಂಟೆಯ ಮೇಲೆ ಹೊಳಬಸಪ್ಪ ಅಪ್ಪಟ ಕೋರ್ಟ್ ಟೈಪಿಸ್ಟ್. ಇಪ್ಪತ್ತೆರಡು ವರ್ಷಗಳಿಂದ ದಾವೆ, ತಕರಾರು, ಅಫಿಡವಿಟ್ಟು. ಬೆಳಗಿನ ನಾಲ್ಕು ತಾಸು ಮಾತ್ರ ಬರೆಯುವವರ ಪಾಲು. ಅವರ ನೋಟ್‌ಬುಕ್ಕಿನ ಕಥೆಗಳನ್ನು ಬಿಟ್ಟಿಯಾಗಿ ಟೈಪ್ ಮಾಡಿಕೊಡುತ್ತಾರೆ, ದಿನಕ್ಕೆ ಹನ್ನೆರಡು ಪುಟ. ಒಬ್ಬರ ಕಥೆಯನ್ನು ಇನ್ನೊಬ್ಬರ ಕೈಗಿಟ್ಟು, "ಓದ್ರಿ, ಹೆಂಗೈತಿ ಖರೆ ಹೇಳ್ರಿ" ಎನ್ನುವ ಚಟ ಬೇರೆ. ಆ ಚಟದಿಂದಲೇ ಹದಿನಾಲ್ಕು ಜನರ ಬಳಗ ಹುಟ್ಟಿದೆ. ಅದರಲ್ಲಿ ದವಾಖಾನೆಯ ನರ್ಸ್ ಮಾದೇವಿ ಇದ್ದಾರೆ, ತುಳಸಿಗೇರಿಯ ಕಂಡಕ್ಟರ್ ಇದ್ದಾರೆ. ಭಾನುವಾರ ಬಂತೆಂದರೆ ಈ ಎರಡು ಬೆಂಚು ಸಾಲುವುದಿಲ್ಲ.

ಇಳಕಲ್ಲಿನ ಜುಲೇಖಾ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವಾಕೆ. ಒಂಬತ್ತು ವರ್ಷ ಬರೆದದ್ದನ್ನು ಯಾರಿಗೂ ತೋರಿಸಿರಲಿಲ್ಲ. "ಮನ್ಯಾಗ ಕೇಳವ್ರು ಇಲ್ರಿ. ಇಲ್ಲಿಗೆ ಬಂದ ಮ್ಯಾಲೆ ನಾನೂ ಬರಿಯಾಕಿ ಅಂತ ಧೈರ್ಯ ಬಂತು" ಎನ್ನುತ್ತಾಳೆ. ಮುಂದಿನ ತಿಂಗಳು ಸಂಘದ ಕಥಾ ಕಮ್ಮಟವಿದೆ, ಸದಸ್ಯರಿಗೆ ಮಾತ್ರ ಪ್ರವೇಶ. ಸದಸ್ಯರಾಗಲು ಒಂದು ಕಥೆ ಬೇಕು, ಆಗಲೇ ಸದಸ್ಯರಾದವರೊಬ್ಬರ ಸಹಿ ಬೇಕು. ಹುನಗುಂದದಲ್ಲಿ ಅಂಥವರು ಒಬ್ಬರೂ ಇಲ್ಲ. ಹೊಳಬಸಪ್ಪ ಬಸ್ಸು ಹತ್ತಿ ಬಾದಾಮಿಗೆ ಹೋಗಿ, ಜಯಶ್ರೀ ಟೀಚರ ಸಹಿ ಹಾಕಿಸಿಕೊಂಡು ಬಂದು, ಕಥೆ ಟೈಪ್ ಮಾಡಿ ಕಳಿಸಿದರು.

ಕಳಿಸಿದ ಮೇಲೆ ಎಡವಟ್ಟು ಕಣ್ಣಿಗೆ ಬಿತ್ತು. ಅಫಿಡವಿಟ್ಟಿಗೆ ಪಳಗಿದ ಕೈ, ಕಥೆಯ ಕೊನೆಗೂ "ಮೇಲೆ ಹೇಳಿದ್ದೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯವಾಗಿರುತ್ತದೆ" ಎಂದು ಕುಟ್ಟಿಬಿಟ್ಟಿತ್ತು. ಅದೂ ಮಗ್ಗವೊಂದು ಮಾತಾಡುವ ಕಥೆಗೆ!

"ಈ ಹೆಣ್ಮಗಳ ಒಂಬತ್ತು ವರ್ಷ ನನ್ನ ಕೈಯಾಗ ಹಾಳಾತು ಅಂತ ಊಟನೂ ಸೇರವಲ್ದಾಗಿತ್ರಿ" ಎನ್ನುತ್ತಾರೆ ಹೊಳಬಸಪ್ಪ.

ಏಳೂವರೆಗೆ ಫೋನ್ ಕೂಗುತ್ತದೆ. ಆ ಕಡೆಯಿಂದ ಟೀಚರ ನಗು ಅಂಗಡಿಯನ್ನೆಲ್ಲ ತುಂಬುತ್ತದೆ.

"ಹೊಳಬಸಪ್ಪಣ್ಣಾ, ಆ ಕಡೀ ಸಾಲು ಕೇಳಿ ಸಭಾದಾಗ ಎಲ್ಲಾರೂ ಬಿದ್ದು ಬಿದ್ದು ನಕ್ರು. ನಕ್ಕು, ಕತಿ ಮತ್ತ ಮೊದಲಿಂದ ಓದ್ಸಿದ್ರು. ಜುಲೇಖಾ ಇನ್ನ ಮೆಂಬರ್! ಕಮ್ಮಟದ ಮೊದಲನೇ ದಿನ ಆಕಿನ ಕತಿ ಓದಬೇಕಂತ!"

ಜುಲೇಖಾ ಎದ್ದು ನಿಲ್ಲುತ್ತಾಳೆ, ಕೂರುತ್ತಾಳೆ, ಮತ್ತೆ ಎದ್ದು ನಿಲ್ಲುತ್ತಾಳೆ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಖುಷಿ ತಡೆಯಲಾಗದೆ ಹೊಳಬಸಪ್ಪ ರಸ್ತೆಗಿಳಿದು ಎದುರಿನ ಹೋಟೆಲಿಗೆ ಕೇಳುವಂತೆ ಚಹಾ ಕೂಗುತ್ತಾರೆ. ಒಳಗೆ ಬಂದವರೇ ಡ್ರಾವರಿನಿಂದ ಇನ್ನೊಂದು ಅರ್ಜಿ ತೆಗೆದು ಅವಳ ಮುಂದಿಡುತ್ತಾರೆ. ಅದು ನರ್ಸ್ ಮಾದೇವಿಯದು, ಎಲ್ಲ ತುಂಬಿದೆ, ಸದಸ್ಯರೊಬ್ಬರ ಸಹಿಯ ಜಾಗವೊಂದು ಖಾಲಿ.

"ನಾ ಮಾಡಬಹುದೇನ್ರಿ ಕಾಕಾರ?" ಜುಲೇಖಾ ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ.

"ಮತ್ಯಾರು ಮಾಡಬೇಕವಾ?" ಹೊಳಬಸಪ್ಪ ಪೆನ್ನು ಕೊಡುತ್ತಾ ನಮ್ಮ ಕಡೆ ತಿರುಗುತ್ತಾರೆ. "ಇನ್ನ ಒಂದು ಸಹಿಗೆ ಬಾದಾಮಿತನಕ ಹೋಗೂದು ಬ್ಯಾಡ್ರಿ. ಸಹಿ ಮಾಡಾಕಿ ನಮ್ಮ ಬೆಂಚಿನ ಮ್ಯಾಲೆನ ಕುಂತಾಳ."