ಕಾರ್ಯದರ್ಶಿಯ ಹಾರ ಹಾಕಿದ ಫೋಟೋ

ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಸಂಘದ ವೆಬ್‌ಸೈಟ್ ಮಾಡಿಕೊಟ್ಟದ್ದು ನಾನು, ಅದೂ ಬಿಟ್ಟಿಯಾಗಿ. ಸನ್ಮಾನದಲ್ಲಿ ಗಂಧದ ಹಾರ ಹಾಕಿಸಿಕೊಂಡ ತನ್ನ ಫೋಟೋ ಯಾವ ಪುಟ ತೆರೆದರೂ ಮೇಲೆ ಕಾಣಬೇಕು, ಬೆರಳಲ್ಲಿ ಸರಿಸಿದರೂ ಸರಿಯಬಾರದು ಎಂಬುದು ಆಸಾಮಿಯ ಹಟ. ಅದಕ್ಕೆ ಫ್ರೇಮ್‌ಸೆಟ್ ಎಂಬ, ವೆಬ್ ಪುಟ ಕಟ್ಟುವ ಓಬೀರಾಯನ ಕಾಲದ ಟ್ಯಾಗೇ ಬೇಕೆಂದು ಯಾರೋ ತಲೆಗೆ ತುಂಬಿದ್ದರು. ಅದು ಪುಟವನ್ನು ಎರಡು ಭಾಗ ಮಾಡುತ್ತದೆ. ಮೇಲಿನದು ಅಲುಗುವುದಿಲ್ಲ, ಕೆಳಗಿನದಷ್ಟೇ ಬದಲಾಗುತ್ತದೆ.

"ಇದನ್ನ ಎಲ್ಲಾರೂ ಬಿಟ್ಟು ಭಾಳ ವರ್ಷ ಆತ್ರಿ. ಮೊಬೈಲಿನಾಗ ಅರ್ಧ ಪರದೆ ನೀವ ಕಾಣ್ತೀರಿ" ಎಂದೆ.

"ಕಾಣ್ಲಿ ಬಿಡ್ರಿ. ಸಂಘಕ್ಕ ಒಂದು ಮುಖ ಬೇಕಲ್ಲ?" ಎಂದರು. ಹಾಗೇ ಮಾಡಿಕೊಟ್ಟೆ.

ಅಪ್ಪ ನಾಚಾರಂನ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತೇ ಆಯುಷ್ಯ ಸವೆಸಿದವರು. ಅವರು ತೀರಿಕೊಂಡ ಬೆಳಿಗ್ಗೆ, ಹಳೆಯ ಗೆಳೆಯರಿಗೆ ತಿಳಿಯಲೆಂದು, ಸೈಟ್ ತೆರೆದೊಡನೆ ಕಾಣುವಂತೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಹಾಕಿದೆ. ಅದರಡಿ ಅಪ್ಪನ ಫೋಟೋ, ಲಿಂಗಂಪಲ್ಲಿಯ ನಮ್ಮ ಮನೆ ವಿಳಾಸ, ಮಣ್ಣು ಮಾಡುವ ಹೊತ್ತು.

ಜನರ ಮೊಬೈಲಿನಲ್ಲಿ ಕಂಡದ್ದು ಹಾರ ಹಾಕಿದ ಕಾರ್ಯದರ್ಶಿ, ಅವರ ಗದ್ದದ ಕೆಳಗೇ ಶ್ರದ್ಧಾಂಜಲಿ. ಅಪ್ಪನ ಫೋಟೋ ಕಾಣಲು ಇನ್ನೂ ಕೆಳಗೆ ಸರಿಸಬೇಕಿತ್ತು. ಹಾರ ಹಾಕಿದ ಫೋಟೋ ನೋಡಿ ನಮ್ಮವರು ಮತ್ತೇನು ತಿಳಿದಾರು? ಅಪ್ಪನ ಜತೆ ದುಡಿದ ಮೂವರು ಮುದುಕರು ಹೂವಿನ ಹಾರ ಕೊಂಡು ಕೋಠಿಯ ಹತ್ತಿರದ ಕಾರ್ಯದರ್ಶಿಯ ಮನೆಗೆ ಹೋದರು. ಬಾಗಿಲು ತೆರೆದದ್ದು ಕಾರ್ಯದರ್ಶಿಯೇ. ಅವರಿಂದ ಬೈಸಿಕೊಂಡ ಮೇಲೆ ಸೈಟನ್ನು ಕೆಳಗಿನವರೆಗೂ ನೋಡಿ, ಆಟೋ ಹಿಡಿದು ಊರಿನ ಇನ್ನೊಂದು ತುದಿಯ ನಮ್ಮ ಮನೆಗೆ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವರಲ್ಲೊಬ್ಬರು ಅಪ್ಪನ ಖಾಲಿ ಮಂಚದ ಮೇಲೆ ಹಾರವಿಟ್ಟು, "ಮುಖಾನೂ ನೋಡ್ಲಿಲ್ಲಲ್ಲೋ ದೋಸ್ತ" ಎಂದು ಬಿಕ್ಕಿ ಬಿಕ್ಕಿ ಅತ್ತರು. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು.

ಅವತ್ತೇ ಸಂಜೆ ಆ ಟ್ಯಾಗನ್ನು ಕಿತ್ತೆಸೆದೆ. ಪುಟದಲ್ಲಿ ಅಪ್ಪ ಒಬ್ಬರೇ ಉಳಿದರು. ತುಸು ಹೊತ್ತಿಗೆ ಕಾರ್ಯದರ್ಶಿಯ ಫೋನ್ ಬಂತು. ನಾಲ್ಕು ಸಮಾಧಾನದ ಮಾತು ಹೇಳುತ್ತಾರೇನೋ ಅಂದುಕೊಂಡೆ.

"ಏನ್ರಿ ಇದು! ನನ್ನ ಫೋಟೋ ಎಲ್ಲಿ ಹೋತು? ಮೊದಲ ಹಾರ ತಂದಿದ್ರು, ಈಗ ಫೋಟೋನೂ ಇಲ್ಲಂದ್ರ ಮಂದಿ ನಾ ಖರೇನ ಸತ್ತೀನಿ ಅಂತ ತಿಳ್ಕೋತಾರ!"

"ಸತ್ತಾವ್ರು ನಮ್ಮಪ್ಪ ರೀ" ಎಂದೆ.

"ಅದು ಗೊತ್ತೈತ್ರಿ. ಫೋಟೋ ಯಾವಾಗ ಹಾಕ್ತೀರಿ?"