ಒಂದು ಗಾಲಿಕುರ್ಚಿ, ಹನ್ನೆರಡು ಫೋಟೋ

ಆ ಫೋಟೋದವನಿಗೆ ಅಪ್ಪ ಅಮ್ಮ ಇಟ್ಟ ಹೆಸರೇನೋ ಇತ್ತು, ಆದರೆ ಅವನ ಅಕ್ಕನನ್ನು ಬಿಟ್ಟರೆ ಈಗ ಯಾರಿಗೂ ಅದು ನೆನಪಿಲ್ಲ. ಊರೆಲ್ಲ ಅವನನ್ನು ಕರೆಯುವುದು ‘ಇನ್ನೊಂದ್ಸಲ’ ಅಂತ. ಕ್ಯಾಮೆರಾ ಕಣ್ಣಿಗೇರಿಸಿದರೆ ಸಾಕು, “ಇನ್ನೊಂದ್ಸಲ ಸಾರ್, ಇನ್ನೊಂದ್ಸಲ” ಎಂದು ಪ್ರಾಣ ತಿನ್ನುತ್ತಿದ್ದ. ಒಬ್ಬ ಮದುಮಗನಂತೂ ರೋಸಿಹೋಗಿ, “ಮದುವೇನೂ ಇನ್ನೊಂದ್ಸಲ ಮಾಡ್ಕೊಳ್ಲೇನಯ್ಯಾ?” ಎಂದು ರೇಗಿದ್ದನಂತೆ.

ಮದುವೆ ಅವನಿಗೆ ಅಷ್ಟಾಗಿ ಒಗ್ಗಲಿಲ್ಲ. ಅವನ ಕೈ ಪಳಗಿದ್ದು ದಾನದ ಫೋಟೋದಲ್ಲಿ. ಅದೇನು ಸಾಮಾನ್ಯ ವಿದ್ಯೆ ಅಂದುಕೊಂಡಿರಾ? ಕೊಡುವವರ ಮುಖ ಪೂರ್ತಿ ಕಾಣಬೇಕು, ತೆಗೆದುಕೊಳ್ಳುವವರದು ಮುಕ್ಕಾಲು ಕಂಡರೆ ಸಾಕು. ಪುಸ್ತಕದ ಕಟ್ಟಾಗಲಿ ಕಂಬಳಿಯಾಗಲಿ, ಇವನು ಹೂಂ ಅನ್ನುವ ತನಕ ಎರಡು ಕಡೆಯವರೂ ಹಿಡಿದೇ ಇರಬೇಕು. ಏಳು ಜನ ದೊಡ್ಡ ಮನುಷ್ಯರು ಒಂದೇ ಬಾಳೆಹಣ್ಣು ಹಿಡಿದು ಒಬ್ಬ ರೋಗಿಗೆ ಕೊಟ್ಟ ಫೋಟೋ ತೆಗೆದವನೂ ಇವನೇ. ಹಣ್ಣು ರೋಗಿಯ ಕೈ ಸೇರುವಷ್ಟರಲ್ಲಿ ಹಿಂಡಿ ಹಿಪ್ಪೆಯಾಗಿತ್ತು.

“ಇದೆಲ್ಲ ಪುಣ್ಯಾನೋ, ಪ್ರಚಾರಾನೋ?” ಎಂದು ಯಾರಾದರೂ ಕೇಳಿದರೆ, “ಬೆಳಕು ಚೆನ್ನಾಗಿದ್ರೆ ಪುಣ್ಯ” ಎಂದುಬಿಡುತ್ತಿದ್ದ.

ಮನೆಯಲ್ಲಿ ಅವನೂ ಅಕ್ಕನೂ ಇಬ್ಬರೇ. ಅಕ್ಕ ದರ್ಜಿಗಳ ಬಟ್ಟೆಗೆ ಕಾಜಾ ಹಾಕಿ ಗುಂಡಿ ಹೊಲಿದುಕೊಡುವವಳು. ಮೂರು ವರ್ಷದ ಹಿಂದೆ ಕಾಲೆರಡೂ ಸ್ವಾಧೀನ ತಪ್ಪಿದ ಮೇಲೆ ಕಿಟಕಿ ಪಕ್ಕದ ಮಂಚವೇ ಅವಳ ಅಂಗಡಿ. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಗುಂಡಿ ತರುವ ಕೆಲಸ ತಮ್ಮನದು. ಹಗಲೆಲ್ಲ ಬಣ್ಣ ನೋಡುವ ಕಸುಬಿನವನು, ಬೂದು ತಾ ಅಂದರೆ ನೀಲಿ ತರುತ್ತಿದ್ದ.

“ಅಯ್ಯೋ ನಿನ್ನ ಕಣ್ಣಿಗಿಷ್ಟು! ಇದು ಬೂದೇನೋ?”

“ಅಂಗಡಿ ದೀಪದಲ್ಲಿ ಬೂದೇ ಇತ್ತು ಕಣಕ್ಕಾ.”

“ನಿನ್ನ ಜೊತೆ ಏಗಿ ಏಗಿ ಸಾಕಾಯ್ತು. ಒಂದೇ ಒಂದು ಸಲ ನಾನೇ ಆ ಅಂಗಡಿಗೆ ಹೋಗಿ, ಡಬ್ಬಿ ಡಬ್ಬಿ ತೆಗೆಸಿ, ಕೈಹಾಕಿ ಆರಿಸ್ಕೊಂಡು ಬಂದುಬಿಟ್ರೆ ಸಾಕಪ್ಪಾ. ಆಮೇಲೆ ಬೇಕಾದ್ರೆ ಸತ್ತೋಗ್ತೀನಿ.”

ಸಾಯುವ ಮಾತು ಬರೀ ಬಾಯಿಮಾತು. ಗುಂಡಿ ಅಂಗಡಿಯ ಮಾತು ಹಾಗಲ್ಲ. ಅದನ್ನು ಹೇಳಿದಾಗಲೆಲ್ಲ ಅವಳು ಕಿಟಕಿಯತ್ತ ತಿರುಗಿಕೊಳ್ಳುತ್ತಿದ್ದಳು. ಗಾಲಿಕುರ್ಚಿ ಕೊಳ್ಳೋಣವೆಂದರೆ ತಮ್ಮನ ಸಂಪಾದನೆಗೆ ಎಟುಕುವ ಮಾತಲ್ಲ.

ಹೀಗಿರುವಾಗ ಟೈಲ್ಸ್ ಕಾರ್ಖಾನೆಯ ಯಜಮಾನರು ಹನ್ನೆರಡು ಜನರಿಗೆ ಗಾಲಿಕುರ್ಚಿ ದಾನ ಮಾಡುತ್ತಾರೆಂದು ಗೋಡೆಗೋಡೆಯಲ್ಲೂ ಅವರ ಮುಖ ಕಾಣಿಸಿಕೊಂಡಿತು. ಗಾಲಿಕುರ್ಚಿ ಪೋಸ್ಟರಿನ ಮೂಲೆಯಲ್ಲಿ, ಅಂಗೈಯಷ್ಟಗಲ. ಫೋಟೋ ಕೆಲಸ ಇವನಿಗೇ ಬಂತು. ಅಕ್ಕನ ಹೆಸರಲ್ಲಿ ಒಂದು ಅರ್ಜಿಯನ್ನೂ ಹಾಕಿದ.

ಆದರೆ ಒಳಗಿನ ಗುಟ್ಟು ಅವನಿಗೆ ಗೊತ್ತಿತ್ತು. ಸಮಾರಂಭದ ಹಾಲಿಗೆ ಬರುವುದು ಒಂದೇ ಕುರ್ಚಿ. ಒಬ್ಬರು ಕೂರಬೇಕು, ಫೋಟೋ ಆದಮೇಲೆ ಏಳಬೇಕು, ಅದೇ ಕುರ್ಚಿಯಲ್ಲಿ ಮುಂದಿನವರು ಕೂರಬೇಕು. ಉಳಿದ ಹನ್ನೊಂದು ‘ಮುಂದಿನ ವಾರ’ ಬರುತ್ತವೆ. ಆ ಮುಂದಿನ ವಾರ ಯಾವ ಕ್ಯಾಲೆಂಡರಿನಲ್ಲೂ ಇರುವುದಿಲ್ಲ. ಅದಕ್ಕೇ ಹೇಗೋ ಎದ್ದು ನಿಲ್ಲಬಲ್ಲವರನ್ನು, ಇಲ್ಲವೇ ಅವರ ಪರವಾಗಿ ಮಗನನ್ನೋ ಸೊಸೆಯನ್ನೋ ಕರೆಸುತ್ತಿದ್ದರು. ಕುರ್ಚಿ ನಿಜವಾಗಿ ದಕ್ಕುವುದು ಕೊನೆಗೆ ಕೂತವರಿಗೆ, ಅವರನ್ನು ಎಬ್ಬಿಸಲು ಕಾರಣವೇ ಇರುವುದಿಲ್ಲವಲ್ಲ! ಇವನು ಕಾರ್ಖಾನೆಯ ಮ್ಯಾನೇಜರನ ಕೈಕಾಲು ಹಿಡಿದು ಅಕ್ಕನ ಹೆಸರನ್ನು ಹನ್ನೆರಡನೆಯದಾಗಿ ಬರೆಸಿದ. “ಸ್ವಲ್ಪ ಹಿಡ್ಕೊಂಡ್ರೆ ನಿಲ್ತಾಳೆ ಸಾರ್” ಎಂದು ಒಂದು ಸುಳ್ಳನ್ನೂ ಸೇರಿಸಿದ. ಅಕ್ಕನಿಗೆ ಈ ಮರ್ಮ ಹೇಳಲಿಲ್ಲ. ಹೇಳಿದ್ದರೆ ಅವಳು ಹೊರಡುತ್ತಲೇ ಇರಲಿಲ್ಲ.

ಎಲ್ಲ ಸರಿಯೇ. ಆದರೆ ಕಸುಬಿನ ಚಪಲ ಬಿಡಬೇಕಲ್ಲ! ಅರ್ಜಿಗೆ ಅಂಟಿಸುವ ಅಕ್ಕನ ಫೋಟೋವನ್ನು ಇದ್ದ ಹಾಗೇ ಬಿಡಲು ಅವನ ಕೈ ಕೇಳಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಕಣ್ಣ ಕೆಳಗಿನ ಕಪ್ಪು ಅಳಿಸಿದ, ಸುಕ್ಕು ತೆಗೆದ, ಕೆನ್ನೆಗೆ ಕಳೆ ತುಂಬಿದ. ಐವತ್ತೆರಡರ ಅಕ್ಕ ಮೂವತ್ತೈದರವಳಾದಳು.

ಸಮಾರಂಭದ ದಿನ ಮ್ಯಾನೇಜರ್ ಅರ್ಜಿಗಳನ್ನು ತಿರುವಿಹಾಕುತ್ತ, “ಏ, ಈ ಮುಖ ಚೆನ್ನಾಗಿದೆ, ಇವರೇ ಮೊದಲು ಬರ್ಲಿ. ಪೇಪರಿನವರು ಮೊದಲ್ನೇ ಫೋಟೋ ತಗೊಂಡು ಹೊರಟುಬಿಡ್ತಾರೆ” ಎಂದ. ಫೋಟೋದವನು ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದ, ಅದೂ ಅಕ್ಕನನ್ನು ಹೊತ್ತುಕೊಂಡು.

ಅಕ್ಕನನ್ನು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದ. ಮ್ಯಾನೇಜರ್ ಅರ್ಜಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಕಣ್ಣುಜ್ಜಿಕೊಂಡ. ಯಜಮಾನರು ಕುರ್ಚಿಯ ಹಿಡಿ ಹಿಡಿದು ಹಲ್ಲು ಬಿಟ್ಟರು. “ಇನ್ನೊಂದ್ಸಲ ಸಾರ್.” ಮತ್ತೆ ಬಿಟ್ಟರು.

“ಆಯ್ತಮ್ಮಾ, ಏಳಿ. ಮುಂದಿನವರು ಬರ್ಲಿ,” ಎಂದ ಮ್ಯಾನೇಜರ್.

ಅಕ್ಕ ಮಿಸುಕಲಿಲ್ಲ.

“ಏಳೀಮ್ಮಾ, ಹೊತ್ತಾಗ್ತಿದೆ.”

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಅಲ್ಲಪ್ಪಾ, ಎದ್ದೇಳೋಕೆ ಆಗೋ ಹಾಗಿದ್ರೆ ನಂಗೆ ಈ ಕುರ್ಚಿ ಯಾಕೆ ಬೇಕಿತ್ತು?”

ಮೈಕು ಅಲ್ಲೇ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಹಾಲು ಗೊಳ್ಳೆಂದಿತು. ಯಜಮಾನರು ಇಂಗು ತಿಂದ ಮಂಗನಂತಾದರು. ಮ್ಯಾನೇಜರ್ ತಮ್ಮನತ್ತ ಕಣ್ಣು ಕೆಂಪಗೆ ಮಾಡಿ, ಎತ್ತಿಕೊಂಡು ಹೋಗು ಎಂದು ಸನ್ನೆ ಮಾಡಿದ. ಅಕ್ಕನೂ ತಮ್ಮನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಅವಳಿಗೆ ಎಲ್ಲ ಅರ್ಥವಾಗಿತ್ತು. ಸೂಜಿ ಹಿಡಿದು ಗಟ್ಟಿಯಾದ ಅವಳ ಬೆರಳುಗಳು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಬಿಳಿಚಿಕೊಂಡಿದ್ದವು. ಎತ್ತಿದರೆ ಈ ಜನ್ಮದಲ್ಲಿ ಅಕ್ಕನಿಗೆ ಮುಖ ತೋರಿಸುವ ಹಾಗಿಲ್ಲ. ಎತ್ತದಿದ್ದರೆ ಊರಿನ ದಾನದ ಫೋಟೋಗಳೆಲ್ಲ ಬೇರೆಯವರ ಪಾಲು.

ಅವನೇನು ವೀರನಲ್ಲ. ತನಗೆ ಬರುತ್ತಿದ್ದ ಒಂದೇ ಕೆಲಸ ಮಾಡಿದ, ಕ್ಯಾಮೆರಾ ಎತ್ತಿದ. ಕ್ಯಾಮೆರಾ ಮೇಲಿರುವ ತನಕ ಯಾವ ದಾನಿಯೂ ಕೊಟ್ಟದ್ದನ್ನು ಕಿತ್ತುಕೊಳ್ಳುವುದಿಲ್ಲ ಎನ್ನುವುದು ಅವನ ಇಪ್ಪತ್ತು ವರ್ಷದ ಅನುಭವ.

“ಸಾರ್, ಇನ್ನೊಂದ್ಸಲ! ನೀವೇ ತಳ್ಕೊಂಡು ಬನ್ನಿ ಸಾರ್. ಇಂಥ ಫೋಟೋ ಇದುವರೆಗೂ ಯಾರೂ ತೆಗೆಸ್ಕೊಂಡಿಲ್ಲ.”

ಯಜಮಾನರು ತಳ್ಳಿದರು. ಇವನು ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತ ಬಾಗಿಲು ದಾಟಿದ. “ಇನ್ನೊಂದ್ಸಲ, ಬಿಸಿಲಲ್ಲಿ ಸಾರ್.” ಕುರ್ಚಿ ಗೇಟು ದಾಟಿತು. “ಇನ್ನೊಂದ್ಸಲ, ಜನರ ಮಧ್ಯೆ.” ಸೈಕಲ್ ಶಾಪು ಆಯಿತು, ಔಷಧಿ ಅಂಗಡಿ ಆಯಿತು. ಕ್ಷೌರದಂಗಡಿಯವನು ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಹೊರಗೆ ಓಡಿಬಂದ. ಮೂರು ವರ್ಷದ ಮೇಲೆ ಬೀದಿ ನೋಡುತ್ತಿದ್ದ ಅಕ್ಕ, “ಅರೆ, ಈ ಅಂಗಡಿಗೆ ಬಣ್ಣ ಬದಲಾಯ್ಸಿದಾರೆ! ನಿಧಾನ ಸ್ವಾಮೀ, ಮುಂದೆ ಕಲ್ಲಿದೆ” ಎಂದು ಯಜಮಾನರಿಗೇ ಅಪ್ಪಣೆ ಕೊಡುತ್ತಿದ್ದಳು. ಅಲ್ಲಿಯೇ, ಕ್ಷೌರದಂಗಡಿಯ ಎದುರು, ಕ್ಯಾಮೆರಾದ ಬ್ಯಾಟರಿ ಪ್ರಾಣ ಬಿಟ್ಟಿತು. ಇವನು ನಿಲ್ಲಲಿಲ್ಲ. ಕ್ಯಾಮೆರಾದ ಹಿಂದೆ ಮುಖ ಮುಚ್ಚಿಕೊಂಡು, ನಾಲಿಗೆಯಲ್ಲೇ ಟಕ್ ಟಕ್ ಎನ್ನಿಸುತ್ತ ಮನೆ ಬಾಗಿಲ ತನಕ ಅವರನ್ನು ಎಳೆದುಕೊಂಡು ಬಂದ.

ಯಜಮಾನರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಒಂದು ಲೋಟ ನೀರು ಕುಡಿದು, ಹೊರಡುವ ಮುಂಚೆ ಅವನ ಕಿವಿಯ ಹತ್ತಿರ ಬಂದರು.

“ಆ ಟಕ್ ಟಕ್ ನಿಮ್ಮ ನಾಲಿಗೆದು ಅಂತ ಕ್ಷೌರದಂಗಡಿ ಹತ್ರಾನೇ ಗೊತ್ತಾಯ್ತು. ಕ್ಯಾಮೆರಾ ಮುಂದೆ ಮೂವತ್ತು ವರ್ಷ ನಿಂತೋನು ನಾನು.”

ಇಷ್ಟು ಹೇಳಿ ಹೊರಟುಹೋದರು. ಕ್ಷೌರದಂಗಡಿಯಿಂದ ಮನೆಗೆ ಇನ್ನೂ ಅರ್ಧ ದಾರಿ, ಅದೂ ಏರುರಸ್ತೆ.

ಅತ್ತ ಹಾಲಿನಲ್ಲಿ ಹನ್ನೊಂದು ಜನ ಉಳಿದಿದ್ದರು, ಕುರ್ಚಿ ಒಂದೂ ಇರಲಿಲ್ಲ. ಅಕ್ಕನ ಮಾತು ಕೇಳಿದ ಮೇಲೆ, ಕೂತರೆ ನಾವೂ ಏಳೋದಿಲ್ಲ ಎಂದು ಅಷ್ಟೂ ಮಂದಿ ಹಟ ಹಿಡಿದರಂತೆ. ಮ್ಯಾನೇಜರ್ ಅವರಿವರ ಕಾಲಿಗೆ ಬಿದ್ದು ಸಂಜೆಯೊಳಗೆ ಹನ್ನೊಂದನ್ನೂ ತರಿಸಿದ.

ಮರುದಿನ ಬೆಳಗ್ಗೆ ಫೋನು ಬಂತು. ಕೆಲಸ ಹೋಯಿತೆಂದೇ ಎತ್ತಿದರೆ, ಮಾತಾಡಿದ್ದು ಯಜಮಾನರು.

“ಕ್ಷೌರದಂಗಡಿ ಆಚೆಗಿನ ಫೋಟೋ ಒಂದೂ ಬಂದಿಲ್ಲ ಅಲ್ವಾ?”

“ಇಲ್ಲ ಸಾರ್... ತಪ್ಪಾಯ್ತು.”

“ನಾಳೆ ಬರ್ತೀನಿ. ಇನ್ನೊಂದ್ಸಲ ತಳ್ಳೋಣ. ಬ್ಯಾಟರಿ ತುಂಬಿಸಿಟ್ಟಿರಿ.” ಫೋನಿಡುವ ಮುಂಚೆ ಇನ್ನೊಂದು ಮಾತು ಸೇರಿಸಿದರು. “ತುಂಬಿಸದೇ ಇದ್ರೂ ಪರವಾಗಿಲ್ಲ.”

ಅವನು ಫೋನಿಟ್ಟು ತಲೆ ಕೆರೆದುಕೊಂಡ. “ಅಕ್ಕಾ, ಈ ಮನುಷ್ಯ ಫೋಟೋ ಆಸೆಗೆ ಬರ್ತಿದಾರೋ, ಮನಸ್ಸು ಕರಗಿ ಬರ್ತಿದಾರೋ? ನಂಗಂತೂ ತಲೆಬುಡ ತಿಳೀತಿಲ್ಲ.”

ಕುರ್ಚಿಯ ಬೆನ್ನ ಮೇಲೆ ಯಜಮಾನರ ಹೆಸರು ಗೇಣುದ್ದದ ಅಕ್ಷರದಲ್ಲಿತ್ತು. ಅಕ್ಕ ಅದಕ್ಕೆ ಆರಾಮಾಗಿ ಒರಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಕಿಟಕಿಗೆ ಬೆನ್ನು ಹಾಕಿ, ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು.

“ಅದು ಅವರ ತಲೆನೋವು ಬಿಡು. ನಾಳೆ ಗುಂಡಿ ಅಂಗಡಿ ಕಡೆಗೆ ತಳ್ಳೋಕೆ ಹೇಳು,” ಎಂದಳು. “ನೀನೂ ಬಾ. ಬೂದು ಅಂದ್ರೆ ಹೇಗಿರುತ್ತೆ ಅಂತ ತೋರಿಸ್ತೀನಿ.”